ಅಗಲ ಚಕ್ರಕ್ಕೆ ಫೆಂಡರಿನಲ್ಲಿ ಜಾಗ

ಕಾರಿಗೆ ಕಂಪನಿ ಕೊಟ್ಟ ಚಕ್ರಕ್ಕಿಂತ ಅಗಲವಾದ ಅಲಾಯ್ ಚಕ್ರ ಹಾಕಿಸಬೇಕೆಂಬ ಆಸೆ ನಿಮಗೆ ಹುಟ್ಟಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಮ್ಮೆ ಓಡಾಡಿ ಬಂದವರಿಗೆಲ್ಲ ಹುಟ್ಟುವ ಆಸೆ ಅದು. ಹಾಕಿಸಿದ ಮೇಲೆ ಕಾರು ನೆಲಕ್ಕೆ ಗಟ್ಟಿಯಾಗಿ ಕಾಲೂರಿ ನಿಂತಂತೆ ಕಾಣುತ್ತದೆ, ತಿರುವಿನಲ್ಲಿ ಹಿಡಿತವೂ ಹೆಚ್ಚುತ್ತದೆ. ಆದರೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಮೊದಲ ರೋಡ್ ಹಂಪ್ ದಾಟುವಾಗ ಹಿಂದಿನಿಂದ ಉಜ್ಜುವ ಸದ್ದು ಕೇಳಿಬರುತ್ತದೆ. ಫೆಂಡರಿನ ಅಂಚು ಟೈರನ್ನು ಕೆರೆಯುತ್ತಿರುತ್ತದೆ. 'ಅಂಚು ಮಡಿಸಿಬಿಡಿ, ಸರಿಹೋಗುತ್ತದೆ' ಎಂಬ ಸಲಹೆ ಆಗ ಎಲ್ಲ ಕಡೆಯಿಂದಲೂ ಬರುತ್ತದೆ. ಸಲಹೆ ಸರಿಯೇ. ಆದರೆ ಮಡಿಸುವುದು ಈ ಕೆಲಸದ ಕೊನೆಯ ಹಂತ. ಅದಕ್ಕೂ ಮೊದಲು ಅಳತೆಯ ಹಂತಗಳಿವೆ. ಅವನ್ನು ಕ್ರಮವಾಗಿ ಮಾಡಿದವರಲ್ಲಿ ಅನೇಕರಿಗೆ ತಗಡನ್ನು ಮುಟ್ಟುವ ಅಗತ್ಯವೇ ಬರುವುದಿಲ್ಲ. ಆದ್ದರಿಂದ ಅಳತೆಯ ಬಗ್ಗೆ ಇಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ, ಸಾವಧಾನವಾಗಿ ಓದಿ.

ಫೆಂಡರ್ ಎಂದರೆ ಚಕ್ರದ ಮೇಲೆ ಕಮಾನಿನಂತೆ ಬಾಗಿರುವ ಹೊರಮೈ ತಗಡು. ಹಳಬರು ಮಡ್‌ಗಾರ್ಡ್ ಎನ್ನುತ್ತಾರೆ. ಹೊರಗಿನಿಂದ ನೋಡಿದರೆ ನಾಲ್ಕೂ ಕಮಾನುಗಳು ಒಂದೇ ಬಗೆಯವು ಎನಿಸುತ್ತದೆ. ರಚನೆಯಲ್ಲಿ ಮುಂದಿನದಕ್ಕೂ ಹಿಂದಿನದಕ್ಕೂ ಬಹಳ ವ್ಯತ್ಯಾಸವಿದೆ. ಮುಂದಿನ ಫೆಂಡರ್ ಬೋಲ್ಟುಗಳಿಂದ ಕೂರಿಸಿದ ಬಿಡಿ ಭಾಗ. ಹಾಳಾದರೆ ಬಿಚ್ಚಿ ಹೊಸದನ್ನು ಹಾಕಬಹುದು. ಹಿಂದಿನ ಕಮಾನು ಕಾರಿನ ದೇಹದ್ದೇ ಭಾಗ. ಅಲ್ಲಿ ಹೊರಗಿನ ತಗಡು ಮತ್ತು ಒಳಗಿನ ಚಕ್ರದ ಗೂಡಿನ ತಗಡು ಎರಡೂ ಅಂಚಿನಲ್ಲಿ ಕೂಡಿ, ಬಿಂದು ಬಿಂದುವಾಗಿ ವೆಲ್ಡ್ ಆಗಿರುತ್ತವೆ. ನೀರು ಒಳಗೆ ಹೋಗದಂತೆ ಆ ಸಂದಿಗೆ ಮೆತ್ತನೆಯ ಸೀಲರ್ ಬಳಿದಿರುತ್ತಾರೆ. ಹಿಂದಿನ ಕಮಾನಿನಲ್ಲಿ ತಪ್ಪು ಮಾಡಿದರೆ ಬದಲಿಸಲು ಬಿಡಿ ಭಾಗವಿಲ್ಲ ಎಂಬುದನ್ನು ಮೊದಲೇ ಮನಸ್ಸಿನಲ್ಲಿಡಿ.

ಈಗ ಕಮಾನಿನ ಅಂಚಿನ ಹಿಂಬದಿಗೆ ಬೆರಳು ಹಾಕಿ ನೋಡಿ. ತಗಡು ಅಲ್ಲಿಗೇ ಮುಗಿಯದೆ ಚಕ್ರದ ಕಡೆಗೆ ಅಡ್ಡಲಾಗಿ ಸ್ವಲ್ಪ ಮಡಿಚಿಕೊಂಡಿರುತ್ತದೆ. ಡಬ್ಬಿಯ ಬಾಯಿ ಸೊಟ್ಟಗಾಗದಿರಲೆಂದು ಅಂಚನ್ನು ಮಡಿಸಿರುತ್ತಾರಲ್ಲ, ಇದೂ ಅದೇ. ಈ ಒಳಮಡಿಕೆಯನ್ನು ಲಿಪ್ ಎನ್ನುತ್ತಾರೆ. ಹೊರಮೈ ತಗಡಿನ ದಪ್ಪ ಒಂದು ಮಿಲಿಮೀಟರೂ ಇರುವುದಿಲ್ಲ. ಅಷ್ಟು ತೆಳುವಾದ ತಗಡು ಆ ಬಾಗಿದ ಆಕಾರದಲ್ಲಿ ಗಟ್ಟಿಯಾಗಿ ನಿಲ್ಲಲು ಈ ಲಿಪ್ ಕಾರಣ. ಅಗಲ ಟೈರಿಗೆ ಮೊದಲು ಅಡ್ಡ ಬರುವುದೂ ಇದೇ.

ಇನ್ನು ಚಕ್ರದ ಕಡೆಗೆ ಬರೋಣ. ಅಲಾಯ್ ರಿಮ್ಮಿನ ಒಳಭಾಗದಲ್ಲಿ 6ಜೆ 15 ಇಟಿ 45 ಎಂಬಂಥ ಬರಹ ಅಚ್ಚಾಗಿರುತ್ತದೆ. 15 ಎಂಬುದು ರಿಮ್ಮಿನ ವ್ಯಾಸ, ಇಂಚುಗಳಲ್ಲಿ. 6 ಎಂಬುದು ಟೈರು ಕೂರುವ ಜಾಗದ ಅಗಲ, ಅದೂ ಇಂಚುಗಳಲ್ಲೇ. ಜೆ ಎಂಬುದು ರಿಮ್ಮಿನ ಅಂಚಿನ ಆಕಾರದ ಗುರುತು, ಸದ್ಯಕ್ಕೆ ಅದನ್ನು ಬಿಡಿ. ಇಟಿ 45 ಎಂಬುದು ಆಫ್‌ಸೆಟ್. ನಮಗೆ ಎಲ್ಲಕ್ಕಿಂತ ಮುಖ್ಯವಾದ ಸಂಖ್ಯೆ ಇದು. ರಿಮ್ಮಿನ ಅಗಲದ ನಟ್ಟನಡುವೆ ಒಂದು ಗೆರೆ ಎಳೆದಿದ್ದೀರಿ ಎಂದುಕೊಳ್ಳಿ. ಚಕ್ರವನ್ನು ಬೋಲ್ಟುಗಳಿಂದ ಬಿಗಿಯುವ ಮುಖ ಆ ಗೆರೆಗಿಂತ 45 ಮಿ.ಮೀ. ಹೊರಗಿದೆ ಎಂದು ಇದರ ಅರ್ಥ. ಈ ಸಂಖ್ಯೆ ಕಡಿಮೆಯಾದಷ್ಟೂ ಇಡೀ ಚಕ್ರ ಫೆಂಡರಿನ ಕಡೆಗೆ, ಹೊರಗೆ ಸರಿಯುತ್ತದೆ. ಹೆಚ್ಚಾದಷ್ಟೂ ಒಳಗೆ, ಶಾಕ್ ಅಬ್ಸಾರ್ಬರ್ ಕಡೆಗೆ ಸರಿಯುತ್ತದೆ. ಅಂಗಡಿಯಲ್ಲಿ ಹೆಚ್ಚಿನವರು ವ್ಯಾಸ ಕೇಳುತ್ತಾರೆ, ವಿನ್ಯಾಸ ನೋಡುತ್ತಾರೆ, ಆಫ್‌ಸೆಟ್ ಕೇಳುವುದೇ ಇಲ್ಲ. ಉಜ್ಜುವ ಸದ್ದು ಬಹುಪಾಲು ಆ ಕೇಳದ ಪ್ರಶ್ನೆಯಿಂದ ಬರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಒಂದು ಲೆಕ್ಕವನ್ನು ಜೊತೆಯಾಗಿ ಮಾಡೋಣ. ನಿಮ್ಮ ಹ್ಯಾಚ್‌ಬ್ಯಾಕ್ ಕಾರಿನಲ್ಲಿ 6ಜೆ ಇಟಿ 45 ರಿಮ್ಮು, 185/65 ಆರ್ 15 ಟೈರು ಇದೆ ಎಂದಿಟ್ಟುಕೊಳ್ಳಿ. ಟೈರಿನ ಬರಹದಲ್ಲಿ 185 ಎಂಬುದು ಮಿ.ಮೀ.ನಲ್ಲಿ ಅಗಲ, 65 ಎಂಬುದು ಆ ಅಗಲದ ನೂರರಲ್ಲಿ ಎಷ್ಟು ಭಾಗ ಟೈರಿನ ಗೋಡೆಯ ಎತ್ತರ ಎಂಬ ಲೆಕ್ಕ. ನೀವು 7ಜೆ ಇಟಿ 35 ರಿಮ್ಮು ಇಷ್ಟಪಟ್ಟಿದ್ದೀರಿ. 185/65 ಟೈರಿಗೆ ಒಪ್ಪುವ ರಿಮ್ಮಿನ ಅಗಲ 5ರಿಂದ 6.5 ಇಂಚು. ಹಾಗಾಗಿ 7 ಇಂಚಿನ ರಿಮ್ಮಿಗೆ ಅದು ಸಲ್ಲದು, 195/60 ಆರ್ 15 ಬೇಕು. ಹಳೆಯ ಟೈರಿನ ಒಟ್ಟು ವ್ಯಾಸ 621.5 ಮಿ.ಮೀ., ಹೊಸದರದು 615. ವ್ಯತ್ಯಾಸ ನೂರಕ್ಕೆ ಒಂದರಷ್ಟು, ಸ್ಪೀಡೋಮೀಟರಿಗೆ ದೊಡ್ಡ ತೊಂದರೆಯಿಲ್ಲ. ಸಾಮಾನ್ಯವಾಗಿ ಎರಡಕ್ಕೂ ಭಾರ ಹೊರುವ ಅಂಕ 88, ಅಂದರೆ ಒಂದು ಟೈರಿಗೆ 560 ಕಿಲೋ. ಹೊಸ ಟೈರಿನ ಈ ಅಂಕ ಹಳೆಯದಕ್ಕಿಂತ ಕಡಿಮೆ ಇರಲೇಬಾರದು.

ಟೈರಿನ ಮೇಲೆ ಬರೆದ ಅಗಲ ಒಂದು ನಿರ್ದಿಷ್ಟ ರಿಮ್ಮಿನ ಮೇಲೆ ಅಳೆದದ್ದು. 185/65ಕ್ಕೆ ಅದು 5.5 ಇಂಚು, 195/60ಕ್ಕೆ 6 ಇಂಚು. ರಿಮ್ಮು ಅರ್ಧ ಇಂಚು ಅಗಲವಾದರೆ ಟೈರಿನ ಹೊಟ್ಟೆ ಸುಮಾರು 5 ಮಿ.ಮೀ. ಹಿಗ್ಗುತ್ತದೆ. ಹಾಗಾಗಿ 6 ಇಂಚಿನ ರಿಮ್ಮಿನ ಮೇಲೆ ಹಳೆಯ ಟೈರಿನ ನಿಜವಾದ ಅಗಲ ಸುಮಾರು 190, 7 ಇಂಚಿನ ಮೇಲೆ ಹೊಸದರದು ಸುಮಾರು 205. ಅರ್ಧ ಅಗಲದಿಂದ ಆಫ್‌ಸೆಟ್ ಕಳೆಯಿರಿ. ಹಳೆಯದು 95ರಲ್ಲಿ 45 ಕಳೆದರೆ 50. ಹೊಸದು 102.5ರಲ್ಲಿ 35 ಕಳೆದರೆ 67.5. ಅಂದರೆ ಬಿಗಿಯುವ ಮುಖದಿಂದ ಹೊರಕ್ಕೆ ಟೈರು ಮೊದಲಿಗಿಂತ 17.5 ಮಿ.ಮೀ. ಮುಂದೆ ಬಂದಿದೆ. ಒಳಭಾಗಕ್ಕೆ ಕಳೆಯುವ ಬದಲು ಕೂಡಿಸಿ. ಹಳೆಯದು 140, ಹೊಸದು 137.5. ಒಳಗೆ ಜಾಗ ಹೆಚ್ಚೇ ಆಗಿದೆ, ಪೆಟ್ಟೆಲ್ಲ ಹೊರಗೆ. ಟೈರು ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಕೆಲವು ಮಿ.ಮೀ. ವ್ಯತ್ಯಾಸವಾಗುತ್ತದೆ ಎಂಬುದನ್ನೂ ಗಮನದಲ್ಲಿಡಿ.

ಹದಿನೇಳೂವರೆ ಮಿ.ಮೀ. ಜಾಗ ನಿಮ್ಮ ಫೆಂಡರಿನಲ್ಲಿ ಇದೆಯೇ? ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ಗಾರೆ ಕೆಲಸದವರ ತೂಗುಗುಂಡನ್ನು ಕಮಾನಿನ ಹೊರ ಅಂಚಿನ ನಡುಮಧ್ಯದಿಂದ ಇಳಿಬಿಡಿ. ದಾರ ನೇರವಾಗಿ ನಿಂತ ಮೇಲೆ, ದಾರದಿಂದ ಟೈರಿನ ಮೇಲರ್ಧದ ಉಬ್ಬಿದ ಹೊಟ್ಟೆಯವರೆಗೆ ಸ್ಕೇಲಿನಿಂದ ಅಳೆಯಿರಿ. ಅದು 22 ಬಂದಿತೆನ್ನೋಣ. ಲಿಪ್ಪಿನ ಅಗಲವನ್ನೂ ಅಳೆಯಿರಿ, ಅದು 12 ಇರಲಿ. ಇಟಿ 35 ರಿಮ್ಮಿನಲ್ಲಿ ಟೈರು ಫೆಂಡರಿನ ಹೊರ ಅಂಚಿಗಿಂತ ಕೇವಲ 4.5 ಮಿ.ಮೀ. ಒಳಗಿರುತ್ತದೆ. ಲಿಪ್ಪು 12 ಮಿ.ಮೀ. ಒಳಚಾಚಿರುವುದರಿಂದ ಟೈರು ಮೇಲೆದ್ದರೆ ಲಿಪ್ಪಿಗೆ ತಗುಲುವುದು ಖಂಡಿತ. ಲಿಪ್ಪನ್ನು ಪೂರ್ತಿ ಮಡಿಸಿ ತಗಡಿಗೆ ಒರಗಿಸಿದರೂ ಎರಡು ಪದರದ ದಪ್ಪ ಕಳೆದು ಉಳಿಯುವುದು ಎರಡು ಎರಡೂವರೆ ಮಿ.ಮೀ. ನಮ್ಮ ರಸ್ತೆಗಳ ಗುಂಡಿಗಳಿಗೆ ಅದು ಸಾಲದು. ಈಗ ಅದೇ ರಿಮ್ಮು ಇಟಿ 40ರಲ್ಲಿ ಸಿಕ್ಕರೆ? ಟೈರು ಹೊರಗೆ ಬರುವುದು 12.5 ಮಾತ್ರ. ಲಿಪ್ ಮಡಿಸಿದರೆ ಏಳೂವರೆಯಷ್ಟು ಜಾಗ ಉಳಿಯುತ್ತದೆ. ಒಳಗಡೆ ಹಳೆಯದಕ್ಕಿಂತ 2.5 ಹೆಚ್ಚು ಬೇಕಾಗುತ್ತದೆ, ಶಾಕ್ ಅಬ್ಸಾರ್ಬರಿನ ಬಳಿ ಅಷ್ಟಿದೆಯೇ ಎಂದು ಬೆರಳಿಟ್ಟು ನೋಡಿಕೊಂಡರಾಯಿತು. ಐದು ಮಿ.ಮೀ. ಆಫ್‌ಸೆಟ್ ಇಷ್ಟೊಂದು ಬದಲಾವಣೆ ಮಾಡುತ್ತದೆ. ಕಾಗದದ ಮೇಲಿನ ಈ ಐದು ನಿಮಿಷದ ಲೆಕ್ಕವನ್ನು ಹಣ ಕೊಡುವ ಮುಂಚೆ ಮಾಡಿ.

ಇಷ್ಟು ಹೇಳಿದ್ದು ನಿಂತ ಕಾರಿನ ಲೆಕ್ಕ. ಚಕ್ರವಾದರೋ ಫೆಂಡರಿನೊಳಗೆ ಸದಾ ಚಲಿಸುತ್ತಿರುತ್ತದೆ. ಮುಂದಿನ ಚಕ್ರ ಮೇಲೇಳುವುದರ ಜೊತೆಗೆ ಎರಡೂ ಬದಿಗೆ ತಿರುಗುತ್ತದೆ. ತಿರುಗಿದಾಗ ಟೈರಿನ ಅಂಚು ಬಂಪರಿನ ಹಿಂಬದಿಗೋ ಒಳಗಿನ ಪ್ಲಾಸ್ಟಿಕ್ ಹೊದಿಕೆಗೋ ತಾಗಬಹುದು. ನಮ್ಮ ಸಣ್ಣ ಕಾರುಗಳಲ್ಲಿ ಹಿಂದಿನ ಎರಡು ಚಕ್ರಗಳನ್ನು ಸಾಮಾನ್ಯವಾಗಿ ತಿರುಚಿಕೊಳ್ಳಬಲ್ಲ ಒಂದು ತೊಲೆ ಜೋಡಿಸಿರುತ್ತದೆ. ಅಲ್ಲಿ ಚಕ್ರ ಬಹುತೇಕ ನೇರವಾಗಿ ಮೇಲೇಳುತ್ತದೆ. ಹಿಂದಿನ ಸೀಟಿನಲ್ಲಿ ಮೂವರು ಕೂತು ಡಿಕ್ಕಿ ತುಂಬಿದರೆ ಲಿಪ್ಪಿಗೆ ತಾಗುವ ಮೊದಲ ಜಾಗ ಅದೇ. ಇದನ್ನು ಪರೀಕ್ಷಿಸಲು ಸುಲಭ ದಾರಿಯಿದೆ. ಹೊಸ ಚಕ್ರವನ್ನು ಹಾಕಿ ನೋಡಲು ಅಂಗಡಿಯವರು ಒಪ್ಪಿದರೆ, ಲಿಪ್ಪಿನ ಒಳಮೈಗೆ ಒದ್ದೆ ಸೀಮೆಸುಣ್ಣ ಬಳಿದು, ಜನರನ್ನು ಕೂರಿಸಿ, ಖಾಲಿ ಜಾಗದಲ್ಲಿ ನಿಧಾನವಾಗಿ ಒಂದು ಹಂಪ್ ದಾಟಿ, ಸ್ಟಿಯರಿಂಗನ್ನು ಎರಡೂ ಕೊನೆಗೆ ತಿರುಗಿಸಿ. ಲಿಪ್ಪಿನ ಮೇಲೆ ಸೀಮೆಸುಣ್ಣ ಎಲ್ಲಿ ಅಳಿಸಿದೆಯೋ ಅಲ್ಲಿ ಟೈರು ತಾಗುತ್ತಿದೆ. ಕಮಾನಿನ ಉದ್ದಕ್ಕೂ ತಾಗುವುದು ಅಪರೂಪ. ಹೆಚ್ಚಾಗಿ ಗಡಿಯಾರದ ಹನ್ನೊಂದರಿಂದ ಒಂದರ ನಡುವೆ, ಅಥವಾ ಬಂಪರ್ ಸೇರುವ ಮೂಲೆಯಲ್ಲಿ ಗುರುತು ಬೀಳುತ್ತದೆ.

ತಾಗುವ ಜಾಗ ಬಂಪರಿನ ಮೂಲೆಯಾದರೆ ಹಿಗ್ಗಿ. ಅಲ್ಲಿ ಬಂಪರನ್ನು ಫೆಂಡರಿಗೆ ಹಿಡಿದಿಡುವ ಒಂದು ಸ್ಕ್ರೂ, ಅದರ ಪ್ಲಾಸ್ಟಿಕ್ ಕಿವಿ ಚಾಚಿಕೊಂಡಿರುತ್ತವೆ. ಸ್ಕ್ರೂ ತಲೆ ಮೇಲ್ಮುಖವಾಗುವಂತೆ ಜೋಡಿಸಿ, ಕಿವಿಯನ್ನು ಸ್ವಲ್ಪ ಕತ್ತರಿಸಿದರೆ ಹಲವು ಸಲ ಕೆಲಸ ಮುಗಿದೇ ಹೋಗುತ್ತದೆ. ಒಳಗಿನ ಪ್ಲಾಸ್ಟಿಕ್ ಹೊದಿಕೆಗೆ ತಾಗುತ್ತಿದ್ದರೆ ಅದನ್ನು ಬಿಸಿ ಗಾಳಿಯಿಂದ ಮೆತ್ತಗೆ ಮಾಡಿ ಹಿಂದಕ್ಕೆ ಒತ್ತಬಹುದು. ಅದನ್ನು ಕಿತ್ತೇ ಎಸೆಯುವವರಿದ್ದಾರೆ. ಹಾಗೆ ಮಾಡಬೇಡಿ, ಕೆಸರಿನಿಂದ ತಂತಿಗಳನ್ನೂ ತಗಡಿನ ಸಂದಿಗಳನ್ನೂ ಕಾಯುವುದು ಅದೇ. ಚಕ್ರದ ತಲೆಯನ್ನು ಒಳಕ್ಕೆ ವಾಲಿಸುವುದೂ ಒಂದು ಉಪಾಯ. ಇದಕ್ಕೆ ಕ್ಯಾಂಬರ್ ಎಂದು ಹೆಸರು. ಒಂದು ಡಿಗ್ರಿ ವಾಲಿಸಿದರೆ ಟೈರಿನ ತಲೆ ಸುಮಾರು 5 ಮಿ.ಮೀ. ಒಳಗೆ ಸರಿಯುತ್ತದೆ. ಅತಿಯಾದರೆ ಟೈರಿನ ಒಳ ಅಂಚು ಬೇಗ ಸವೆಯುತ್ತದೆ, ಹಿಂದೆ ತೊಲೆಯಿರುವ ಕಾರಿನಲ್ಲಿ ಅದನ್ನು ಸುಲಭವಾಗಿ ಬದಲಿಸಲೂ ಆಗದು. ಅಗಲ ರಿಮ್ಮಿಗೆ ಕಿರಿದಾದ ಟೈರನ್ನು ಎಳೆದು ಕೂರಿಸುವ ರೂಢಿಯೂ ಇದೆ. ಗುಂಡಿಗೆ ಬಿದ್ದಾಗ ಪೆಟ್ಟು ನೇರ ರಿಮ್ಮಿಗೇ ಬೀಳುವುದರಿಂದ ನಾನದನ್ನು ಯಾರಿಗೂ ಹೇಳಿಕೊಡುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಲಿಪ್ಪಿಗೆ ತಾಗುತ್ತಿದ್ದರೆ ಮಡಿಸುವ ಕೆಲಸ. ಇದನ್ನು ಫೆಂಡರ್ ರೋಲಿಂಗ್ ಎನ್ನುತ್ತಾರೆ. ಒಳಕ್ಕೆ ಚಾಚಿದ ಲಿಪ್ಪನ್ನು ಮೇಲಕ್ಕೆ ಹೊರಳಿಸಿ, ಹೊರತಗಡಿನ ಹಿಂಬದಿಗೆ ಒರಗಿಸುವುದು. ಹೊರಗಿನಿಂದ ನೋಡಿದರೆ ಏನೂ ಬದಲಾದಂತೆ ಕಾಣಬಾರದು, ಅದೇ ಒಳ್ಳೆಯ ಕೆಲಸದ ಗುರುತು.

ಬಣ್ಣದ ಪರೀಕ್ಷೆಯಿಂದ ಶುರು ಮಾಡಿ. ಕಾರ್ಖಾನೆಯ ಬಣ್ಣ ಒಲೆಯಲ್ಲಿ ಬೇಯಿಸಿದ್ದು, ಪದರಗಳೆಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ತಾಳ್ಮೆಯಿಂದ ಬಿಸಿ ಮಾಡಿದರೆ ಅದು ತಗಡಿನ ಜೊತೆ ಬಾಗುತ್ತದೆ. ಆದರೆ ಹಿಂದೆಂದೋ ಪೆಟ್ಟಾಗಿ ಪುಟ್ಟಿ ತುಂಬಿ ಬಣ್ಣ ಹೊಡೆದ ಫೆಂಡರಾದರೆ ಪುಟ್ಟಿ ಬಾಗುವುದಿಲ್ಲ, ಚಕ್ಕೆಯೇಳುತ್ತದೆ. ಸಣ್ಣ ಅಯಸ್ಕಾಂತವನ್ನು ಅಂಚಿನುದ್ದಕ್ಕೂ ಆಡಿಸಿ ನೋಡಿ. ಎಲ್ಲಿ ಹಿಡಿತ ಸಡಿಲವಾಗುತ್ತದೋ ಅಲ್ಲಿ ಪುಟ್ಟಿಯಿದೆ. ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಈ ಪರೀಕ್ಷೆ ತಪ್ಪಿಸಲೇಬೇಡಿ.

ಆಮೇಲೆ ಕಾರನ್ನು ಜಾಕ್‌ನಿಂದ ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿ. ಜಾಕನ್ನೇ ನಂಬಿ ಕೆಲಸ ಮಾಡುವುದು ಪ್ರಾಣಕ್ಕೆ ಅಪಾಯ. ಚಕ್ರ ಕಳಚಿ, ಹೊದಿಕೆಯ ಸ್ಕ್ರೂಗಳನ್ನು ಬಿಚ್ಚಿ, ಲಿಪ್ಪಿನ ಹಿಂದೆ ಕೂತ ಮಣ್ಣನ್ನು ನೀರು ಮತ್ತು ಬ್ರಷ್‌ನಿಂದ ಪೂರ್ತಿ ತೆಗೆಯಿರಿ. ಒಂದು ಕಲ್ಲುಚೂರು ಮಡಿಕೆಯೊಳಗೆ ಸಿಕ್ಕಿಕೊಂಡರೆ ಹೊರಗೆ ಗುಳ್ಳೆಯಂತೆ ಎದ್ದು ಕಾಣುತ್ತದೆ. ರೋಲರ್ ಎಂಬ ಉಪಕರಣವನ್ನು ಹಬ್ಬಿಗೆ, ಅಂದರೆ ಚಕ್ರ ಕೂರುವ ತಿರುಗುವ ಭಾಗಕ್ಕೆ, ಚಕ್ರದ ನಟ್ಟುಗಳಿಂದಲೇ ಬಿಗಿಯುತ್ತಾರೆ. ಅದರ ತೋಳಿನ ತುದಿಯಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ಉರುಳೆಯಿದ್ದು, ತೋಳನ್ನು ಉದ್ದ ಮಾಡಬಹುದು, ಉರುಳೆಯ ಓರೆಯನ್ನು ಬದಲಿಸಬಹುದು. ಉರುಳೆ ಲಿಪ್ಪಿಗೆ ಮೆಲ್ಲನೆ ತಾಗುವಂತೆ ಹೊಂದಿಸಿ, ಬಿಸಿ ಗಾಳಿಯ ಗನ್ನಿನಿಂದ ಅಂಚಿನ ಒಂದು ಗೇಣು ಭಾಗವನ್ನು ಒಳಗಿನಿಂದಲೂ ಹೊರಗಿನಿಂದಲೂ ಬಿಸಿ ಮಾಡಿ. ಕೈ ಇಟ್ಟರೆ ಕ್ಷಣಕ್ಕಿಂತ ಹೆಚ್ಚು ತಾಳದಷ್ಟು ಬಿಸಿ ಬೇಕು, ಬಣ್ಣ ಉಬ್ಬುವಷ್ಟು ಬೇಡ. ಗನ್ನನ್ನು ಒಂದೇ ಕಡೆ ಹಿಡಿಯದೆ ಆಡಿಸುತ್ತಲೇ ಇರಿ. ಬಿಸಿಯಿರುವಾಗಲೇ ಉರುಳೆಯನ್ನು ಹಿಂದೆ ಮುಂದೆ ತಳ್ಳಿ. ಮೊದಲ ಸುತ್ತಿನಲ್ಲಿ ಲಿಪ್ಪು ಕಣ್ಣಿಗೆ ಕಂಡೂ ಕಾಣದಷ್ಟು ಬಾಗಿದರೆ ಸಾಕು. ಓರೆಯನ್ನು ಒಂಚೂರು ಹೆಚ್ಚಿಸಿ, ಮತ್ತೆ ಬಿಸಿ ಮಾಡಿ, ಮತ್ತೆ ಉರುಳಿಸಿ. ಹೊಸಬರು ಎಡವುವುದು ಇಲ್ಲೇ, ನಾಲ್ಕು ಸುತ್ತಿನ ಕೆಲಸವನ್ನು ಒಂದರಲ್ಲಿ ಮುಗಿಸಲು ಹೋಗಿ. ಒತ್ತಡ ಹೆಚ್ಚಾದರೆ ಲಿಪ್ಪು ಬಾಗುವ ಬದಲು ಹೊರತಗಡೇ ಅಲೆಯಲೆಯಾಗಿ ಹೊರಬರುತ್ತದೆ. ಆ ಅಲೆಯನ್ನು ಮತ್ತೆ ನೇರ ಮಾಡುವುದು ಅನುಭವಿ ಟಿಂಕರಿಗೂ ಕಷ್ಟ. ಪ್ರತಿ ಸುತ್ತಿನ ನಂತರ ಹೊರಮೈ ಮೇಲೆ ಅಂಗೈ ಆಡಿಸಿ. ಕಣ್ಣಿಗೆ ಕಾಣದ ಏರುತಗ್ಗು ಅಂಗೈಗೆ ತಿಳಿಯುತ್ತದೆ.

ಪೂರ್ತಿ ಮಡಿಸಲೇಬೇಕೆಂದಿಲ್ಲ. ನಿಮ್ಮ ಲೆಕ್ಕಕ್ಕೆ ಐದು ಮಿ.ಮೀ. ಸಾಕಿದ್ದರೆ ಅರ್ಧ ಬಾಗಿಸಿ ನಿಲ್ಲಿಸಿ. ಸೀಮೆಸುಣ್ಣ ಅಳಿಸಿದಷ್ಟೇ ಉದ್ದಕ್ಕೆ ಮಡಿಸಿ, ಎರಡೂ ತುದಿಗಳಲ್ಲಿ ಮಡಿಕೆ ಕ್ರಮೇಣ ಬಿಚ್ಚಿಕೊಳ್ಳುವಂತೆ ಮಾಡಿದರೆ ಉಳಿದ ಲಿಪ್ಪು ತಗಡಿಗೆ ಬಲ ಕೊಡುತ್ತಲೇ ಇರುತ್ತದೆ. ರೋಲರ್ ಇಲ್ಲದ ಗ್ಯಾರೇಜುಗಳಲ್ಲಿ ಬೇಸ್‌ಬಾಲ್ ಬ್ಯಾಟನ್ನು ಟೈರು ಮತ್ತು ಲಿಪ್ಪಿನ ನಡುವೆ ತುರುಕಿ ಕಾರನ್ನು ಮೆಲ್ಲನೆ ಉರುಳಿಸುವ ಪದ್ಧತಿಯಿದೆ. ಒತ್ತಡದ ಮೇಲೆ ಹತೋಟಿಯಿಲ್ಲದ ಈ ಪದ್ಧತಿಯನ್ನು ನಿಮ್ಮ ಕಾರಿನ ಮೇಲೆ ಮಾಡಿಸಬೇಡಿ.

ಮಡಿಸಿದಷ್ಟು ಜಾಗ ಸಾಲದಿದ್ದಾಗ ಅದೇ ರೋಲರಿನಿಂದ ಇನ್ನಷ್ಟು ಒತ್ತಿ ಹೊರತಗಡನ್ನೇ ಹೊರಗೆ ಹಿಗ್ಗಿಸುತ್ತಾರೆ. ಅದಕ್ಕೂ ಮುಂದೆ ಹೋದರೆ ಕಮಾನನ್ನು ಕತ್ತರಿಸಿ, ಮೇಲೆ ಅಗಲವಾದ ಹೊರಫೆಂಡರ್ ಜೋಡಿಸುವುದು. ಇದಕ್ಕೆ ದೊಡ್ಡ ಇತಿಹಾಸವಿದೆ. ಜಪಾನಿನಲ್ಲಿ ನಿಸ್ಸಾನ್ 1971ರಲ್ಲಿ ಫೇರ್‌ಲೇಡಿ 240ಝಡ್‌ಜಿ ಕಾರನ್ನು ಕಾರ್ಖಾನೆಯಲ್ಲೇ ಹೊರಫೆಂಡರ್ ಹಾಕಿ ಮಾರಿತು. 1980ರ ಆಡಿ ಕ್ವಾಟ್ರೋ, 1986ರ ಬಿಎಂಡಬ್ಲ್ಯೂ ಎಂ3 ಕಾರುಗಳ ಉಬ್ಬಿದ ಕಮಾನುಗಳು ಇಂದಿಗೂ ಅವುಗಳ ಗುರುತು. ಪೋರ್ಷೆ 911ರ ಕಮಾನುಗಳನ್ನು ತಾನೇ ಕೈಯಾರೆ ಕತ್ತರಿಸಿ ಅಗಲಿಸುವ ನಕೈ ಅಕಿರಾ ಜಗತ್ತಿನಾದ್ಯಂತ ಹೆಸರಾದವರು. ನೋಡಿ ಆನಂದಿಸಿ, ಆದರೆ ಮೊದಲ ಕಾರಿನಲ್ಲಿ ಅನುಕರಿಸಬೇಡಿ. ಹಿಂದಿನ ಕಮಾನನ್ನು ಕತ್ತರಿಸಿದ ಕ್ಷಣ ಒಳ, ಹೊರ ತಗಡುಗಳ ಬೆಸುಗೆ ಹೋಗಿರುತ್ತದೆ. ಎರಡನ್ನೂ ಮತ್ತೆ ಸೇರಿಸಿ ವೆಲ್ಡ್ ಮಾಡಿ, ಸೀಲರ್ ಹಾಕದಿದ್ದರೆ ದೇಹದ ಬಲ ಕುಗ್ಗುತ್ತದೆ, ನೀರು ಒಳಗೆ ನುಗ್ಗುತ್ತದೆ.

ಕಾನೂನಿನ ಮಾತನ್ನೂ ಹೇಳಬೇಕು. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗಿಂತ ಆರ್‌ಸಿಯ ವಿವರ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಕಾರಿನ ಅಗಲವನ್ನೇ ಹೆಚ್ಚಿಸುವ ಹೊರಫೆಂಡರ್ ಬೇಕೆಂದರೆ ಆರ್‌ಟಿಒ ಕಚೇರಿಯಲ್ಲಿ ಮೊದಲೇ ಲಿಖಿತವಾಗಿ ಕೇಳಿ, ಚಕ್ರ ಬದಲಿಸಿದ್ದನ್ನು ವಿಮೆ ಕಂಪನಿಗೂ ತಿಳಿಸಿ. ಟೈರು ಫೆಂಡರಿನಿಂದ ಹೊರಗೆ ಇಣುಕಬಾರದು ಎಂಬುದು ಪೊಲೀಸರ ಕಣ್ಣಿಗಾಗಿ ಮಾತ್ರ ಹೇಳುವ ಮಾತಲ್ಲ. ಹೊರಗಿಣುಕಿದ ಟೈರು ಎಸೆಯುವ ಕಲ್ಲು ಹಿಂದೆ ಬರುವ ಬೈಕ್ ಸವಾರನ ಮುಖಕ್ಕೆ ಬಡಿಯುತ್ತದೆ. ಯುರೋಪಿನ ನಿಯಮ ಚಕ್ರದ ನಡುಬಿಂದುವಿನಿಂದ ಮುಂದಕ್ಕೆ 30 ಡಿಗ್ರಿ, ಹಿಂದಕ್ಕೆ 50 ಡಿಗ್ರಿಯಷ್ಟು ಭಾಗವನ್ನು ಫೆಂಡರ್ ಮುಚ್ಚಿರಬೇಕೆನ್ನುತ್ತದೆ. ಹಿಂದಕ್ಕೆ ಹೆಚ್ಚು ಕೇಳಿರುವುದು ಈ ಕಾರಣಕ್ಕೇ. ಮನೆಯಲ್ಲಿ ನೀವೇ ತೂಗುಗುಂಡಿನಿಂದ ಪರೀಕ್ಷಿಸಲು ಇದು ಒಳ್ಳೆಯ ಅಳತೆಗೋಲು.

ಮಡಿಸಿದ ಮೇಲಿನ ಕೆಲಸವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಬಣ್ಣ ಎಷ್ಟೇ ಚೆನ್ನಾಗಿ ಬಾಗಿದ್ದರೂ ಮಡಿಕೆಯ ಒಳಮೈಯಲ್ಲಿ ಕೂದಲೆಳೆಯ ಬಿರುಕುಗಳಿರುತ್ತವೆ, ಹಿಂದಿನ ಕಮಾನಿನಲ್ಲಿ ಸೀಲರ್ ಸೀಳಿರುತ್ತದೆ. ತಗಡು ತಣ್ಣಗಾದ ಮೇಲೆ ಪೂರ್ತಿ ಒಣಗಿಸಿ, ಬಿರುಕಿಗೆ ಪ್ರೈಮರ್, ಅದರ ಮೇಲೆ ಬಣ್ಣ, ಸಂದಿಗೆ ಹೊಸ ಸೀಲರ್, ಕೊನೆಗೆ ತುಕ್ಕು ತಡೆಯುವ ಮೇಣ, ಈ ಕ್ರಮದಲ್ಲಿ ಬಳಿಯಿರಿ. ಮಂಗಳೂರು, ಉಡುಪಿ, ಕಾರವಾರದ ಕಡೆ ಕಾರು ಓಡಿಸುವವರು ಇದನ್ನು ಅದೇ ದಿನ ಮಾಡಬೇಕು. ಉಪ್ಪುಗಾಳಿ ಮತ್ತು ಮಳೆ ಸೇರಿದರೆ ತುಕ್ಕು ಒಳಗಿನಿಂದ ಶುರುವಾಗಿ, ಹೊರಗೆ ಬಣ್ಣ ಉಬ್ಬಿದಾಗಲೇ ನಿಮಗೆ ತಿಳಿಯುತ್ತದೆ. ಚಕ್ರ ಹಾಕಿ ನಟ್ಟುಗಳನ್ನು ಕೈಪಿಡಿಯಲ್ಲಿ ಹೇಳಿದ ಬಿಗಿತಕ್ಕೆ ಟಾರ್ಕ್ ವ್ರೆಂಚಿನಿಂದ ಬಿಗಿಯಿರಿ. ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿತ ನೋಡಿ, ವೀಲ್ ಅಲೈನ್‌ಮೆಂಟ್ ಮಾಡಿಸಿ. ಚಕ್ರ ಹೊರಗೆ ಸರಿದಷ್ಟೂ ಬೇರಿಂಗಿನ ಮೇಲೆ ಭಾರದ ಎಳೆತ ಹೆಚ್ಚುವುದರಿಂದ, ವೇಗದ ಜೊತೆ ಏರುವ ಗುಂಯ್ ಎಂಬ ಸದ್ದು ಬರುತ್ತಿದೆಯೇ ಎಂದು ಪ್ರತಿ ಸರ್ವೀಸಿನಲ್ಲೂ ಕೇಳಿಸಿಕೊಳ್ಳಲು ಹೇಳಿ. ಮೊದಲ ಮಳೆಗಾಲ ಮುಗಿದಾಗ ಹೊದಿಕೆ ಬಿಚ್ಚಿಸಿ, ಮಡಿಕೆಯುದ್ದಕ್ಕೂ ಟಾರ್ಚ್ ಬಿಟ್ಟು ನೋಡಿ. ಕಂದು ಗೆರೆ ಕಂಡಲ್ಲಿ ಉಜ್ಜಿ ತೆಗೆದು, ಪ್ರೈಮರ್ ಮತ್ತು ಮೇಣವನ್ನು ಮತ್ತೊಮ್ಮೆ ಬಳಿಯಿರಿ.